ಟರ್ನರ್ ಕೊಟ್ರೇಶನ ಗ್ಯಾಲಕ್ಸಿ

ಹೇರೋಹಳ್ಳಿಯ ಆ ಅಡ್ಡರಸ್ತೆಯಲ್ಲಿ ಕೊಟ್ರೇಶ ಮೈಸೂರು ಪಾಕ್ ಹಂಚಿದ ಕಥೆಯನ್ನು ಯಾರನ್ನು ಕೇಳಿದರೂ ಹೇಳುತ್ತಾರೆ, ಹೇಳುವ ಮೊದಲೇ ನಗುತ್ತಾರೆ. ಹಂಚಿದ್ದು ಮದುವೆಗಲ್ಲ, ನಾಮಕರಣಕ್ಕಲ್ಲ. ಐವತ್ತೊಂದು ತುಂಬಿದರೂ ಅವನಿಗೆ ಮದುವೆಯೇ ಆಗಿಲ್ಲ. ಹೆಣ್ಣು ನೋಡಲು ಹೋದ ಕಡೆಯಲ್ಲೆಲ್ಲ ಬಾಗಿಲಿನ ಕೀಲು ಸವೆದಿದೆ, ಫ್ಯಾನು ವಾಲಾಡುತ್ತಿದೆ ಎಂದು ಹೇಳಿ, ಕೊಟ್ಟ ಉಪ್ಪಿಟ್ಟು ತಿಂದು ಎದ್ದು ಬಂದ ಆಸಾಮಿ. ಅಂಥವನು ನವೆಂಬರ್ ಮೊದಲ ವಾರದ ಒಂದು ಬೆಳಗ್ಗೆ, ದೀಪಾವಳಿಯ ಪಟಾಕಿ ಕಸ ಇನ್ನೂ ಬೀದಿಯಲ್ಲಿ ಬಿದ್ದಿರುವಾಗಲೇ, ಲುಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಎರಡು ಕೆಜಿಯ ಡಬ್ಬ ಹಿಡಿದು ಗೇಟಿನಿಂದ ಗೇಟಿಗೆ ಹೋದ. "ಗ್ಯಾಲಕ್ಸಿ ಸಿಕ್ತು, ತಗೊಳ್ಳಿ" ಎಂದ.

ಎದುರುಮನೆಯ ಅನಂತಲಕ್ಷ್ಮಿ ಆಂಟಿ ಮೊದಲು ಸಿಹಿ ತಗೊಂಡರು, ಆಮೇಲೆ ಕೇಳಿದರು. "ಏನ್ ಸಿಕ್ತು ಅಂದ್ರಿ?"

"ಗ್ಯಾಲಕ್ಸಿ ಆಂಟಿ. ನಮ್ ಸೂರ್ಯನಂಥವು ಸಾವಿರಾರು ಕೋಟಿ ಸೇರ್ಕೊಂಡು ಸುರುಳಿ ಸುತ್ಕೊಂಡಿರ್ತವೆ. ನಿನ್ನೆ ಸಂಜೆ ನಮ್ ಟೆರೇಸ್‌ನಲ್ಲಿ ಫೋಟೋ ತೆಗ್ದೆ. ಅಲ್ಲಿಂದ ಬೆಳಕು ಹೊರಟು ನಾಲ್ಕು ಕೋಟಿ ವರ್ಷ ಆಯ್ತು." ಮೊಬೈಲನ್ನು ಅವರ ಮೂಗಿನ ಮುಂದೆ ಹಿಡಿದ. ಕಪ್ಪು ಆಕಾಶ, ಅಲ್ಲೊಂದು ಇಲ್ಲೊಂದು ಚುಕ್ಕಿ, ಬಲಮೂಲೆಯಲ್ಲಿ ಮಸುಕಾಗಿ ಮೊಟ್ಟೆಯಾಕಾರದ ಒಂದು ಬೆಳಕು.

"ಪಾಪ, ಅಷ್ಟು ದೂರದಿಂದ ಬಂದಿದೆ" ಎಂದು ಆಂಟಿ ಇನ್ನೊಂದು ತುಂಡು ತಗೊಂಡರು.

ಈ ಹುಚ್ಚು ಹಿಡಿಸಿದವರು ಸ್ಮೃತಿ ಮೇಡಂ. ರಾಜಾಜಿನಗರದ ಬ್ಯಾಂಕೊಂದರಲ್ಲಿ ಅಧಿಕಾರಿ, ರಜೆ ಬಂತೆಂದರೆ ಆಕಾಶ ನೋಡುವ ಗೆಳೆಯರ ಬಳಗ. ಮೂರು ವರ್ಷದ ಹಿಂದೆ, ಹಲ್ಲು ಮುರಿದ ಹಿತ್ತಾಳೆ ಗೇರ್ ಒಂದನ್ನು ಹಿಡಿದು ಹೆಗ್ಗನಹಳ್ಳಿಯಲ್ಲಿ ಕೊಟ್ರೇಶ ಟರ್ನರ್ ಕೆಲಸ ಮಾಡುವ, ಲೋಹ ಕಡೆದು ಬಿಡಿಭಾಗ ಮಾಡಿಕೊಡುವ ಶೆಡ್ಡಿಗೆ ಬಂದಿದ್ದರು. ಅಲ್ಲಿರುವುದು ಎರಡು ಲೇತ್, ಒಂದು ಮಿಲ್ಲಿಂಗ್ ಮೆಷಿನ್, ಗೋಡೆಯ ಮೇಲೆ ಅವನೇ ಬರೆದ ಬೋರ್ಡು: 'ಇಲ್ಲಿ ಸುಮಾರು ಎಂಬ ಮಾತು ನಡೆಯುವುದಿಲ್ಲ.' ಸುಮಾರು ಇಪ್ಪತ್ತೈದು ಮಿಲ್ಲಿ ಇರಲಿ ಎಂದ ಗಿರಾಕಿಯೊಬ್ಬನನ್ನು ಅಳತೆ ತರುವ ತನಕ ಹೊರಗೆ ಬಿಸಿಲಲ್ಲಿ ನಿಲ್ಲಿಸಿದ್ದನಂತೆ.

"ಇದು ಯಾವ ಮೆಷಿನ್ದು ಮೇಡಂ?" ಎಂದು ಕೇಳಿದ.

"ಟೆಲಿಸ್ಕೋಪ್ ಸ್ಟ್ಯಾಂಡ್‌ದು. ಭೂಮಿ ತಿರುಗ್ತಾ ಇರತ್ತಲ್ಲ, ನಕ್ಷತ್ರ ಜಾರಿ ಹೋಗ್ಬಾರ್ದು ಅಂತ ಅದಕ್ಕೆ ಸರಿಯಾಗಿ ಇದು ಟೆಲಿಸ್ಕೋಪ್‌ನ ತಿರುಗಿಸ್ತಾ ಹೋಗತ್ತೆ. ಒಂದು ಸುತ್ತಿಗೆ ಒಂದು ದಿನ."

ಕೊಟ್ರೇಶ ಓಡುತ್ತಿದ್ದ ಲೇತನ್ನು ನಿಲ್ಲಿಸಿದ. ಮೂವತ್ತು ವರ್ಷದಿಂದ ಅವನು ಮಾಡಿಕೊಟ್ಟ ಗಾಲಿಗಳೆಲ್ಲ ನಿಮಿಷಕ್ಕೆ ಎಂಟುನೂರು, ಸಾವಿರದಿನ್ನೂರು ಸುತ್ತುವಂಥವು. ದಿನಕ್ಕೆ ಒಂದೇ ಸುತ್ತು ಸುತ್ತುವ ಗಾಲಿಯೂ ಉಂಟೆಂದು ಅವನಿಗೆ ಗೊತ್ತಿರಲಿಲ್ಲ. ಮೂರು ದಿನದಲ್ಲಿ ಹೊಸ ಗೇರ್ ಕಡೆದು ಕೊಟ್ಟು, ಕೂಲಿ ಬೇಡ, ಇದು ತಿರುಗೋದನ್ನ ನೋಡ್ಬೇಕು ಎಂದ. ಮೇಡಂ ಕರೆದುಕೊಂಡು ಹೋಗಿ ತೋರಿಸಿದರು. ಅವನು ಮೊದಲು ನೋಡಿದ್ದು ಬಳೆ ತೊಟ್ಟ ಶನಿಯನ್ನು.

ಮನೆಗೆ ಬಂದು ತಾಯಿಗೆ ಹೇಳಿದ್ದೇ ತಪ್ಪಾಯಿತು. ಕಸ್ತೂರೆವ್ವನಿಗೆ ಎಪ್ಪತ್ತೆಂಟು. ಕೊಟ್ಟೂರಿನಿಂದ ಬಂದು ಮೂವತ್ತು ವರ್ಷವಾದರೂ ಮಾತು ಮಾತ್ರ ಇನ್ನೂ ಅಲ್ಲೇ ಇದೆ. "ಮಂದಿ ಶನಿ ಬಿಟ್ರ ಸಾಕು ಅಂತ ಗುಡಿಗೆ ಹೊಕ್ಕಾರ. ನೀನು ಹುಡುಕ್ಯಾಡಿ ಹೋಗಿ ಅವನ ಮಾರಿ ನೋಡಿ ಬಂದಿಯೇನಲೇ?" ಎಂದು ಬೈದು, ಮರುದಿನವೇ ಅವನನ್ನು ಎಳೆದುಕೊಂಡು ಹೋಗಿ ಎಳ್ಳೆಣ್ಣೆ ದೀಪ ಹಚ್ಚಿಸಿದಳು. ಎಣ್ಣೆ ದಂಡವಾಯಿತು. ಶನಿ ಆಗಲೇ ಹಿಡಿದಾಗಿತ್ತು.

ತನ್ನದೇ ಟೆಲಿಸ್ಕೋಪ್ ಕಟ್ಟಲು ಎಂಟಿಂಚು ಅಗಲದ ದಪ್ಪ ಗಾಜನ್ನು ಖಾಲಿ ಆಯಿಲ್ ಡ್ರಮ್ಮಿನ ಮೇಲಿಟ್ಟು, ಕೆಲಸ ಮುಗಿದ ಮೇಲೆ ಅದರ ಸುತ್ತ ಪ್ರದಕ್ಷಿಣೆ ಹಾಕುತ್ತ, ಎಂಟು ತಿಂಗಳು ಕೈಯಲ್ಲೇ ಉಜ್ಜಿ ಉಜ್ಜಿ ಬೆಳಕು ಹಿಡಿಯುವ ಕನ್ನಡಿ ಮಾಡಿದ. ಗಾಡಿಗಳ ಹೆಡ್‌ಲೈಟಿಗೆ ಹೊಳಪು ಹಾಕುವ ಶೆಡ್ಡಿನವರನ್ನು ಕಾಡಿ ಬೇಡಿ ಅದಕ್ಕೆ ಅಲ್ಯೂಮಿನಿಯಂ ಲೇಪ ಹಾಕಿಸಿದ. ಕೊಳವೆ, ಸ್ಟ್ಯಾಂಡು, ಗೇರು ಎಲ್ಲವೂ ಸ್ವಂತ ಕೈಕೆಲಸ. ಕೊಳವೆಯೊಳಗಿನ ಒಂದೊಂದು ಸ್ಕ್ರೂವನ್ನೂ ಮುಖ ಕಾಣುವ ಹಾಗೆ ಪಾಲಿಶ್ ಮಾಡಿದ. ಯಾರೂ ನೋಡದ ಜಾಗಕ್ಕೆ ಇಷ್ಟು ಯಾಕೆ ಎಂದು ಕೇಳಿದರೆ, ನಾನು ನೋಡ್ತೀನಲ್ಲ ಎನ್ನುತ್ತಿದ್ದ. ಕೊನೆಗೆ ಹಳೆಯ ಕ್ಯಾಮೆರಾ ಒಂದನ್ನು ಅದಕ್ಕೆ ಸಿಕ್ಕಿಸಿದ.

ಎಲ್ಲರೂ ಮೊದಲು ಆಂಡ್ರೊಮಿಡಾ ಗ್ಯಾಲಕ್ಸಿಯ ಫೋಟೋ ತೆಗೀತಾರೆ, ಹತ್ತಿರ ಇದೆ, ಸುಲಭ ಎಂದರು ಮೇಡಂ.

"ಎಲ್ಲಾರೂ ಮಾಡೋ ಜಾಬ್ ನನಗ್ಯಾಕೆ ಮೇಡಂ? ಕಷ್ಟದ್ದು ಕೊಡಿ."

ಮೇಡಂ ಕೊಟ್ಟದ್ದು ಅದಕ್ಕಿಂತ ಹದಿನಾರು ಪಟ್ಟು ದೂರದ ಒಂದು ಸುರುಳಿ ಗ್ಯಾಲಕ್ಸಿ. ಹೆಸರು ಕೂಡ ಇಲ್ಲ, ಪಟ್ಟಿಯಲ್ಲಿ ನಂಬರ್ ಅಷ್ಟೇ: ಏಳು ಸಾವಿರದ ಮುನ್ನೂರ ಮೂವತ್ತೊಂದು. ನವೆಂಬರಿನಲ್ಲಿ ಸಂಜೆ ಏಳಕ್ಕೆಲ್ಲ ಹೇರೋಹಳ್ಳಿಯ ನೆತ್ತಿಯ ಹತ್ತಿರ ಬಂದು ನಿಲ್ಲುತ್ತದಂತೆ. ನಂಬರ್ ಕೇಳಿದ್ದೇ ತಡ, ಕೊಟ್ರೇಶನಿಗೆ ಅದು ತನ್ನದೇ ಅನಿಸಿಬಿಟ್ಟಿತು. ಶೆಡ್ಡಿನ ಕಪ್ಪು ಹಲಗೆಯ ಮೇಲೆ ಬಾಕಿ ಕೆಲಸಗಳ ಸಾಲಿನಲ್ಲಿ ಬರೆದ: 'ಜಾಬ್ ನಂಬರ್ 7331. ಡೆಲಿವರಿ ಮೋಡ ನೋಡಿಕೊಂಡು.'

ಆಯುಧಪೂಜೆಯ ದಿನ ಒಂದು ಅನಾಹುತವಾಯಿತು. ಒರೆಸಿ ಜೋಡಿಸೋಣವೆಂದು ಕನ್ನಡಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಅವನು ಶೆಡ್ಡಿನ ಪೂಜೆಗೆ ಹೋಗಿದ್ದ. ತಿರುಗಿ ಬರುವಷ್ಟರಲ್ಲಿ ಕಸ್ತೂರೆವ್ವ ಮನೆಯ ಪೂಜೆ ಮುಗಿಸಿದ್ದಳು. ಮಿಕ್ಸಿಗೆ, ಕುಕ್ಕರಿಗೆ, ಈಳಿಗೆಮಣೆಗೆ ಹೂವು. ಟೆಲಿಸ್ಕೋಪಿನ ಕೊಳವೆಗೆ ಮೂರು ಬೆರಳಿನ ವಿಭೂತಿ. ಎಂಟು ತಿಂಗಳು ಉಜ್ಜಿದ ಆ ಕನ್ನಡಿಯ ನಡುಮಧ್ಯಕ್ಕೆ, ಎಣ್ಣೆಯಲ್ಲಿ ಕಲಸಿದ ಕುಂಕುಮದ ದುಂಡನೆಯ ಬೊಟ್ಟು.

ಕೊಟ್ರೇಶ ಹೊಸ್ತಿಲಲ್ಲೇ ಕುಸಿದು ಕೂತ. "ಏನ್ ಮಾಡಿಬಿಟ್ಟೆ ಅವ್ವಾ."

"ಯಾಕ, ನಿನ್ನ ಆಯುಧ ಇದಾ ಅಲ್ಲೇನು? ಇದಕ್ಕ ಪೂಜಿ ಬ್ಯಾಡೇನು?"

ಅಳುವ ಧ್ವನಿಯಲ್ಲಿ ಸ್ಮೃತಿ ಮೇಡಂಗೆ ಫೋನ್ ಮಾಡಿದ. ಆ ಕಡೆ ಮೇಡಂ ಕೆಮ್ಮು ಬರುವ ತನಕ ನಕ್ಕರು. "ಕೊಟ್ರೇಶ್, ಕೊಳವೆ ಬಾಯಲ್ಲಿ ಚಿಕ್ಕ ಕನ್ನಡಿ ಇದೆಯಲ್ಲ, ಅದ್ರ ನೆರಳು ಬೀಳೋದೇ ಆ ನಡುಮಧ್ಯಕ್ಕೆ. ಅಲ್ಲಿ ಏನಿದ್ರೂ ಚಿತ್ರಕ್ಕೆ ತೊಂದ್ರೆ ಇಲ್ಲ. ಅಲ್ಲ, ಎರಡು ತಿಂಗಳಿಂದ ನಾನೇನ್ ಹೇಳ್ತಾ ಇದೀನಿ ನಿಮಗೆ? ಮಧ್ಯದಲ್ಲಿ ಒಂದು ಗುರುತು ಮಾಡಿ, ಇಲ್ದಿದ್ರೆ ಎರಡೂ ಕನ್ನಡಿ ನೇರಕ್ಕೆ ಬರಲ್ಲ ಅಂತ. ನಿಮಗೆ ಅದನ್ನ ಮುಟ್ಟಕ್ಕೆ ಮನಸ್ಸಾಗ್ಲಿಲ್ಲ. ಅಮ್ಮ ಮಾಡಿಕೊಟ್ರು."

ವರ್ನಿಯರ್ ತಂದು ಅಳೆದ. ಬೊಟ್ಟು ಸರಿಯಾದ ಕೇಂದ್ರದಿಂದ ಅರ್ಧ ಮಿಲ್ಲಿ ಆಚೆ ಇತ್ತು, ಅಷ್ಟೇ. ಅವನ ಶೆಡ್ಡಿನಲ್ಲಿ ಐಟಿಐ ಮುಗಿಸಿ ಬಂದವರು ಅದಕ್ಕಿಂತ ಹೆಚ್ಚು ತಪ್ಪುತ್ತಾರೆ. ಹೆಂಗೆ ಇಟ್ಟೆ ಎಂದು ಕೇಳಿದರೆ ಕಸ್ತೂರೆವ್ವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹೆಂಗಂದ್ರ? ನಡುಕ್ಕ ಇಟ್ಟೆ" ಎಂದು ಒಳಗೆ ಹೋಗಿ ಪಾಯಸ ಕಲಕತೊಡಗಿದಳು. ಅದುವರೆಗೆ ಬಾಲ ಬೆಳೆಸಿಕೊಂಡ ಹಾಗೆ ಕಾಣುತ್ತಿದ್ದ ನಕ್ಷತ್ರಗಳು, ಆ ಬೊಟ್ಟು ನೋಡಿಕೊಂಡು ಕನ್ನಡಿ ಹೊಂದಿಸಿದ ಮೇಲೆ ದುಂಡಗಾದವು.

ಆಮೇಲೆ ಮಳೆ, ದೀಪಾವಳಿ, ಪಟಾಕಿಯ ಹೊಗೆ. ಹೊಗೆ ಕರಗಿದ ಮೊದಲ ಸಂಜೆ ತೆಗೆದ ಚಿತ್ರವೇ ಆ ಮೈಸೂರು ಪಾಕಿನ ಚಿತ್ರ. ಮೆಷಿನ್ನಿಗೆ ಹಾಕುವ ಒಂದು ಬುಷ್ ಕೊಡುವ ಮೊದಲು ಮೂರು ಸಲ ಅಳೆಯುವ ಮನುಷ್ಯ, ಒಂದೇ ಚಿತ್ರ ನೋಡಿ ಎರಡು ಕೆಜಿ ಹಂಚಿದನಲ್ಲ, ಏನೆನ್ನೋಣ. ತಲೆಗೇರಿತ್ತು ಖುಷಿ. ಮೇಡಂಗೂ ಚಿತ್ರ ಕಳಿಸಿದ. ಅವರ ಬ್ಯಾಂಕಿನಲ್ಲಿ ಆಡಿಟ್ಟು, ನೋಡಲಿಲ್ಲ.

ನೋಡಿದವನು ಮಧುಕುಮಾರ. ಬೀದಿಯ ಕನ್ನಡ ಯುವಕರ ಸಂಘದ ಅಧ್ಯಕ್ಷ. ಊರಿನ ಹಳೆಯ ಮನೆತನ, ಒಳ್ಳೆಯ ಹುಡುಗ, ಮೋರಿಯ ಪೈಪು ಸರಿಹೋದರೂ ಫ್ಲೆಕ್ಸ್ ಹಾಕಿಸುವ ಜಾತಿ. ನಮ್ಮೂರಲ್ಲಿ ರಾಜ್ಯೋತ್ಸವ ಒಂದನೇ ತಾರೀಖಿಗೆ ಶುರುವಾಗಿ ಆರ್ಕೆಸ್ಟ್ರಾದವರು ಸಿಕ್ಕ ದಿನ ಮುಗಿಯುತ್ತದೆ. ಇವರ ಸಂಘಕ್ಕೆ ಸಿಕ್ಕಿದ್ದು ತಿಂಗಳ ಕೊನೆಯ ಭಾನುವಾರ. ಸನ್ಮಾನಕ್ಕೆ ಯಾರನ್ನು ಹಿಡಿಯುವುದೆಂದು ಮಧು ತಲೆ ಕೆರೆದುಕೊಳ್ಳುತ್ತಿದ್ದಾಗ ಮೈಸೂರು ಪಾಕ್ ತಾನಾಗಿ ಗೇಟಿಗೆ ಬಂದಿತ್ತು.

ಎರಡೇ ದಿನದಲ್ಲಿ ಕೊಟ್ರೇಶನ ಮನೆಯೆದುರಿನ ಕಂಬಗಳ ನಡುವೆ ಹನ್ನೆರಡು ಅಡಿಯ ಫ್ಲೆಕ್ಸ್ ಎದ್ದಿತು. ಮೇಲೆ, ಸಮಾರಂಭಕ್ಕೆ ಬರಲಿರುವ ರಾಜಕೀಯ ನಾಯಕರ ಕೈಮುಗಿದ ದೊಡ್ಡ ಮುಖ. ಕೆಳಗೆ ಸಂಘದ ಮೂವತ್ತು ಮುಖ. ನಡುವೆ ಕೊಟ್ರೇಶ, ಅವನ ಡ್ರೈವಿಂಗ್ ಲೈಸೆನ್ಸಿನ ಫೋಟೋಗೆ ಕಂಪ್ಯೂಟರಿನಲ್ಲೇ ಮೈಸೂರು ಪೇಟ ತೊಡಿಸಿದ್ದರು. ಹಿಂದೆ, ಇಂಟರ್ನೆಟ್ಟಿನಿಂದ ಇಳಿಸಿದ, ನೇರಳೆ ನೀಲಿಯಲ್ಲಿ ಧಗಧಗ ಉರಿಯುವ ಗ್ಯಾಲಕ್ಸಿ. 'ನಾಲ್ಕು ಕೋಟಿ ವರ್ಷ ಹಳೆಯ ಗ್ಯಾಲಕ್ಸಿಯನ್ನು ಹೇರೋಹಳ್ಳಿಗೆ ತಂದ ಹೆಮ್ಮೆಯ ಕನ್ನಡಿಗನಿಗೆ ಸನ್ಮಾನ' ಎಂದು ಬರಹ. ಕೊಟ್ರೇಶ ಹಾಲು ತರುವ ನೆಪದಲ್ಲಿ ದಿನಕ್ಕೆ ಮೂರು ಸಲ ಹೊರಗೆ ಬಂದು ಅದನ್ನು ಓದಿದ. ಕಸ್ತೂರೆವ್ವ ದಾರಿಹೋಕರನ್ನು ನಿಲ್ಲಿಸಿ, ಕಣ್ಣು ಮಂಜು ಎಂದು ಸುಳ್ಳು ಹೇಳಿ, ಗಟ್ಟಿಯಾಗಿ ಓದಿಸಿದಳು.

ಅಷ್ಟರಲ್ಲಿ ಮೇಡಂ ಫೋನ್ ಬಂತು. "ಕೊಟ್ರೇಶ್, ಚಿತ್ರ ಈಗ ನೋಡ್ದೆ. ಒಂದು ಕೆಲಸ ಮಾಡಿ. ಟೆಲಿಸ್ಕೋಪ್‌ನ ಬೇರೆ ಕಡೆ ತಿರುಗ್ಸಿ ಇನ್ನೊಂದು ಚಿತ್ರ ತೆಗೀರಿ."

ಬೇರೆ ಕಡೆ ತಿರುಗಿಸಿದ. ಅಲ್ಲೂ ಬಲಮೂಲೆಯಲ್ಲಿ ಅದೇ ಮೊಟ್ಟೆ. ಇನ್ನೊಂದು ಕಡೆ ತಿರುಗಿಸಿದ. ಅಲ್ಲೂ ಅದೇ. ಕೊನೆಗೆ ಅನಂತಲಕ್ಷ್ಮಿ ಆಂಟಿಯ ಮನೆಯ ಕಪ್ಪು ನೀರಿನ ಟ್ಯಾಂಕಿಗೆ ಗುರಿಯಿಟ್ಟು ತೆಗೆದ. ಟ್ಯಾಂಕಿನ ಮೇಲೂ ಗ್ಯಾಲಕ್ಸಿ ಇತ್ತು.

ಕೊಳವೆಯೊಳಗೆ ಬಗ್ಗಿ ನೋಡಿದಾಗ ಗೊತ್ತಾಯಿತು. ಬೀದಿದೀಪದ ಬೆಳಕು ಕೊಳವೆಯ ಬಾಯಿಂದ ಓರೆಯಾಗಿ ಒಳಗೆ ಬಂದು, ಅವನೇ ಮುಖ ಕಾಣುವ ಹಾಗೆ ಪಾಲಿಶ್ ಮಾಡಿದ್ದ ಒಂದು ಸ್ಕ್ರೂವಿನ ತಲೆಗೆ ಬಡಿದು, ನೇರ ಕ್ಯಾಮೆರಾಕ್ಕೆ ಹೋಗುತ್ತಿತ್ತು. ನಾಲ್ಕು ಕೋಟಿ ವರ್ಷದ ಬೆಳಕು ಅಂದುಕೊಂಡದ್ದು ಹದಿನೈದು ಅಡಿ ಆಚೆಯ ಕಂಬದ್ದು.

ಕೊಟ್ರೇಶ ಆ ಹೊತ್ತಿಗೇ ಮಧುವಿನ ಮನೆಗೆ ನಡೆದ. "ಮಧು, ಅದು ಗ್ಯಾಲಕ್ಸಿ ಅಲ್ಲ. ಬೀದಿ ದೀಪ."

"ಯಾವ್ದಣ್ಣ?"

"ನಾನ್ ತೆಗ್ದಿದ್ದು."

ಮಧು ಅತ್ತಿತ್ತ ನೋಡಿ ಬಾಗಿಲು ಮುಚ್ಚಿದ. "ಅಣ್ಣ, ಯಾರ್ಗೂ ಹೇಳ್ಬೇಡಿ. ಕಾರ್ಡ್ ಪ್ರಿಂಟಾಗಿದೆ. ನಾಯಕರ ಡೇಟ್ ಸಿಕ್ಕಿದೆ. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲಾ ಹೇಳಾಗಿದೆ."

"ಸುಳ್ಳಿಗೆ ಶಾಲು ಹೊದ್ಕೊಳ್ಳಲ್ಲ ಕಣೋ. ನನ್ ಹೆಸರು ತೆಗ್ದುಬಿಡು."

"ಹೆಸರು ತೆಗ್ಯಕ್ಕಾಗಲ್ಲ. ಅದ್ಯಾಕೆ ತಲೆ ಕೆಡಿಸ್ಕೊತೀರ? ಇನ್ನೂ ಹನ್ನೆರಡು ದಿನ ಇದೆ. ನಿಜವಾದ್ದು ತಕ್ಕೊಂಡ್ ಬನ್ನಿ." ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರಲು ಹೇಳಿದ ಹಾಗೆ ಹೇಳಿದ.

ಆ ದಿನ ಕೊಟ್ರೇಶನಿಗೆ ಊಟ ಸೇರಲಿಲ್ಲ. ಮೂವತ್ತು ವರ್ಷದಲ್ಲಿ ಕೂದಲೆಳೆಯಷ್ಟು ತಪ್ಪಿದ ಒಂದು ಮಾಲನ್ನೂ ಅವನು ಶೆಡ್ಡಿನಿಂದ ಹೊರಗೆ ಬಿಟ್ಟವನಲ್ಲ. ಈಗ ಇಡೀ ಬೀದಿಯ ಮುಂದೆ ಒಂದು ಬೀದಿದೀಪಕ್ಕೆ ಪೇಟ ಸುತ್ತಿಸಿಕೊಳ್ಳಬೇಕು. ಭಾನುವಾರದೊಳಗೆ ನಿಜವಾದ ಚಿತ್ರ ಸಿಕ್ಕರೆ ವೇದಿಕೆ ಹತ್ತುವುದು, ಸಿಗದಿದ್ದರೆ ಮನೆಗೆ ಬೀಗ ಹಾಕಿ ಅವ್ವನ ಜೊತೆ ಕೊಟ್ಟೂರಿನ ಬಸ್ಸು ಹತ್ತುವುದು ಎಂದು ತೀರ್ಮಾನಿಸಿದ.

ಶಾಲೆಯ ಹಲಗೆಗೆ ಬಳಿಯುವ ಕಪ್ಪು ಬಣ್ಣ ತಂದು ಕೊಳವೆಯ ಒಳಮೈಗೆಲ್ಲ ಬಳಿದ. ಸ್ಕ್ರೂಗಳ ಸರದಿ ಬಂದಾಗ ಕುಂಚ ಎರಡು ಸಲ ಕೆಳಗಿಟ್ಟ. ಆ ಹೊಳಪು ತರಲು ಒಂದೊಂದಕ್ಕೂ ಅರ್ಧ ದಿನ ಕೂತಿದ್ದ. ಕಣ್ಣು ಮುಚ್ಚಿಕೊಂಡು ಬಳಿದ. ಕೊಳವೆ ಸಜ್ಜಾಯಿತು, ಆಕಾಶ ಸಜ್ಜಾಗಲಿಲ್ಲ. ಒಂದು ವಾರವನ್ನು ಚಂದ್ರನ ಬೆಳಕು ತಿಂದುಹಾಕಿತು. ಚಂದ್ರ ಸರಿದ ಮೇಲೆ ಎರಡು ದಿನ ಮೋಡ. ಕಸ್ತೂರೆವ್ವ ದಿನಾ ಸಂಜೆ ಟೆರೇಸಿಗೆ ಬಂದು ಮೇಲೆ ನೋಡಿ, ಕೆಳಗಿಳಿದು ಹೋಗುವಾಗ ಯಾರಿಗೋ ಬೈಯುತ್ತಿದ್ದಳು. ಮೋಡಕ್ಕೋ ಮಗನಿಗೋ ಗೊತ್ತಾಗುತ್ತಿರಲಿಲ್ಲ.

ಗುರುವಾರ ಆಕಾಶ ತೊಳೆದಿಟ್ಟ ಹಾಗೆ ಸ್ವಚ್ಛವಾಯಿತು. ಕೊಟ್ರೇಶ ಕುಣಿಯುತ್ತ ಮೆಟ್ಟಿಲು ಹತ್ತಿ ಹೋದವನು ಟೆರೇಸಿನಲ್ಲಿ ನಿಂತೇಬಿಟ್ಟ. ಪೇಪರ್ ಓದುವಷ್ಟು ಬೆಳಕು. ಸನ್ಮಾನದ ದಿನ ಹತ್ತಿರ ಬಂತೆಂದು ಮಧು ಆ ಫ್ಲೆಕ್ಸಿಗೆ ಎರಡು ಭಾರಿ ಫೋಕಸ್ ಲೈಟ್ ಹಾಕಿಸಿದ್ದ. ಒಂದು ನಾಯಕರ ಮುಖಕ್ಕೆ, ಇನ್ನೊಂದು ಕೊಟ್ರೇಶನ ಪೇಟಕ್ಕೆ.

"ಮಧು, ಆ ಲೈಟ್ ಆರ್ಸಪ್ಪ. ಅದ್ರಲ್ಲಿ ಏನ್ ಬರ್ದಿದೀರೋ ಅದನ್ನ ಮಾಡೋಕೆ ಅದೇ ಬಿಡ್ತಾ ಇಲ್ಲ."

"ನಾಯಕರ ಮುಖ ಇದೆ ಅಣ್ಣ. ಅವರ ಕಡೆಯವರು ಈ ರೋಡಲ್ಲಿ ಓಡಾಡ್ತಾ ಇರ್ತಾರೆ. ಕತ್ತಲಲ್ಲಿದ್ರೆ ನನ್ ಕಥೆ ಮುಗೀತು."

"ನನ್ ಮುಖಾನೂ ಇದೆಯಲ್ಲೋ. ನಾನೇ ಹೇಳ್ತಿದೀನಿ, ಆರ್ಸು."

"ನಿಮ್ಮುಖ ಚಿಕ್ಕದಣ್ಣ."

ಮುಕ್ಕಾಲು ಗಂಟೆ ಚೌಕಾಸಿ ನಡೆಯಿತು. ಶುಕ್ರವಾರ ನಾಯಕರೂ ಅವರ ಕಡೆಯವರೂ ಕೆಂಗೇರಿಯಲ್ಲಿ ಒಂದು ಆರತಕ್ಷತೆಗೆ ಹೋಗುತ್ತಾರೆಂದು ಕೊನೆಗೆ ಮಧುವಿಗೆ ನೆನಪಾಯಿತು. ಅವತ್ತು ಏಳರಿಂದ ಎಂಟೂವರೆ. ಒಂದು ನಿಮಿಷ ಹೆಚ್ಚಿಲ್ಲ. ಕೊಟ್ರೇಶನಿಗೆ ಉಳಿದದ್ದು ಆ ಒಂದೂವರೆ ಗಂಟೆ.

ಶುಕ್ರವಾರ ಏಳು ಗಂಟೆಗೆ ಮಧು ಫೋಕಸ್ ಲೈಟನ್ನೂ, ಕಂಬದ ಪೆಟ್ಟಿಗೆಯ ಬೀದಿದೀಪದ ಸ್ವಿಚ್ಚನ್ನೂ ತಾನೇ ಆರಿಸಿದ. ಅನಂತಲಕ್ಷ್ಮಿ ಆಂಟಿ ತಮ್ಮ ಟೆರೇಸಿನ ಬಲ್ಬು ಆರಿಸಿ, ಧಾರಾವಾಹಿಯನ್ನು ಕಿಟಕಿ ಮುಚ್ಚಿಕೊಂಡು ನೋಡಿದರು. ಸ್ಮೃತಿ ಮೇಡಂ ಲ್ಯಾಪ್‌ಟಾಪ್ ಹಿಡಿದು ಮೆಟ್ಟಿಲಿನ ಮೇಲೆ ಕೂತರು. ಕೊಟ್ರೇಶ ಮಾಡಿದ ಗೇರ್, ಭೂಮಿ ಎಷ್ಟು ನಿಧಾನವಾಗಿ ತಿರುಗುತ್ತದೋ ಅಷ್ಟೇ ನಿಧಾನವಾಗಿ ತಿರುಗತೊಡಗಿತು. ಅರ್ಧ ನಿಮಿಷಕ್ಕೊಂದು ಚಿತ್ರ. ಒಂದು, ಎರಡು, ಮೂವತ್ತು. ಒಂದರಲ್ಲೂ ಏನೂ ಇಲ್ಲ. ಬೆಂಗಳೂರಿನ ಕೆಂಪು ಮಬ್ಬು, ಅದರಲ್ಲಿ ಚುಕ್ಕಿಗಳು.

"ಏನೂ ಇಲ್ವಲ್ಲ ಮೇಡಂ."

"ಒಂದರಲ್ಲಿ ಇರಲ್ಲ. ನೂರೈವತ್ತನ್ನೂ ಒಂದರ ಮೇಲೊಂದು ಕೂಡಿಸಿದ್ರೆ, ನಿಜವಾಗ್ಲೂ ಇರೋದು ಗಟ್ಟಿಯಾಗ್ತಾ ಹೋಗತ್ತೆ, ಕಸ ಎಲ್ಲ ಕರಗಿ ಹೋಗತ್ತೆ. ಸುಮ್ನೆ ಇರಿ."

ಸುಮ್ಮನಿರುವುದು ಕೊಟ್ರೇಶನಿಗೆ ಬಾರದ ವಿದ್ಯೆ. ಟೆರೇಸಿನ ಈ ತುದಿಯಿಂದ ಆ ತುದಿಗೆ ಬರಿಗಾಲಲ್ಲಿ ನಡೆದ. ಟೆಲಿಸ್ಕೋಪ್ ಅಲುಗುತ್ತದೆ, ನಡೀಬೇಡಿ ಎಂದು ಮೇಡಂ ಗದರಿದ ಮೇಲೆ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತ. ಎಂಟೂವರೆಗೆ ಸರಿಯಾಗಿ ಫೋಕಸ್ ಲೈಟ್ ಹೊತ್ತಿಕೊಂಡು ನಾಯಕರು ಮತ್ತೆ ಬೆಳಗಿದರು. ಅಷ್ಟರಲ್ಲಿ ನೂರ ಐವತ್ತೆಂಟು ಚಿತ್ರಗಳಾಗಿದ್ದವು.

ಲ್ಯಾಪ್‌ಟಾಪು ಅವನ್ನೆಲ್ಲ ಕೂಡಿಸಲು ಇಪ್ಪತ್ತು ನಿಮಿಷ ತೆಗೆದುಕೊಂಡಿತು. ಪರದೆ ಮೊದಲು ಕಪ್ಪಾಯಿತು. ಮೇಡಂ ಬೆಳಕನ್ನು ಚೂರು ಚೂರೇ ಏರಿಸಿದರು. ನಟ್ಟನಡುವೆ, ಓರೆಯಾಗಿ ಮಲಗಿದ, ಉಗುರಿನಷ್ಟು ಉದ್ದದ ಒಂದು ಬೂದು ಗೆರೆ ಮೂಡಿತು. ನಡುವೆ ಕಣ್ಣಿನಂಥ ಹೊಳಪು. ಒಂದು ಪಕ್ಕದಲ್ಲಿ, ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿ, ಸುರುಳಿಯ ಒಂದು ತೋಳು.

ಕೊಟ್ರೇಶ ಪರದೆಯ ಹತ್ತಿರಕ್ಕೆ ಬಗ್ಗಿದ. "ಮೊದಲು ಆಂಟಿ ಮನೆ ಟ್ಯಾಂಕ್ ನೋಡೋಣ ಮೇಡಂ" ಎಂದ.

ಟ್ಯಾಂಕಿನ ಚಿತ್ರ ತೆಗೆದರು. ಟ್ಯಾಂಕು ಮಾತ್ರ ಇತ್ತು. ಆಕಾಶದ ಬೇರೆ ಮೂರು ಕಡೆ ತಿರುಗಿಸಿ ತೆಗೆದರು. ಎಲ್ಲೂ ಆ ಗೆರೆ ಇಲ್ಲ. ಮೇಡಂ ನಕ್ಷತ್ರಗಳ ನಕ್ಷೆ ತೆರೆದರು. ಸುತ್ತಲಿನ ಒಂಬತ್ತು ಚುಕ್ಕಿಗಳೂ ಇದ್ದ ಜಾಗದಲ್ಲೇ ಇದ್ದವು. ಕೊಟ್ರೇಶ ಜೇಬಿನಿಂದ ವರ್ನಿಯರ್ ತೆಗೆದು ಲ್ಯಾಪ್‌ಟಾಪಿನ ಪರದೆಯ ಮೇಲೇ ಅಳೆದ. ಮೂರು ಸಲ ಅಳೆದ. ಮೂರು ಸಲವೂ ತಾಳೆಯಾಯಿತು.

ಆಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ಮೆಟ್ಟಿಲು ಎರಡೆರಡು ಹಾರಿ ಕೆಳಗಿಳಿದು, ರೊಟ್ಟಿ ತಟ್ಟುತ್ತಿದ್ದ ಕಸ್ತೂರೆವ್ವನನ್ನು ಹಿಟ್ಟಿನ ಕೈ ಸಮೇತ ಎತ್ತಿಕೊಂಡು ನಡುಮನೆಯಲ್ಲಿ ಎರಡು ಸುತ್ತು ಸುತ್ತಿದ. "ಇಳಸಲೇ ಹುಚ್ಚಾ, ಸೊಂಟ ಮುರದೀತು" ಎಂದು ಅವಳು ಬೆನ್ನಿಗೆ ಗುದ್ದಿದಳು. ಅವನು ನಗುತ್ತಲೇ ಇದ್ದ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮೇಡಂ ಬಾಗಿಲಲ್ಲಿ ನಿಂತು ಕನ್ನಡಕ ಒರೆಸಿಕೊಂಡರು. ಈ ಸಲ ಅವನು ಯಾರ ಗೇಟಿಗೂ ಹೋಗಲಿಲ್ಲ. ಮರುದಿನ ಪೋಸ್ಟ್‌ಕಾರ್ಡಿನಷ್ಟು ಒಂದು ಪ್ರಿಂಟ್ ಹಾಕಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ, ಅಷ್ಟೇ.

ಭಾನುವಾರ ಬೀದಿಯ ತುಂಬ ಕುರ್ಚಿ, ಕೆಂಪು ಹಳದಿ ಸೀರಿಯಲ್ ಲೈಟು, ಕಿವಿ ಕಿತ್ತುಹೋಗುವಂಥ ಆರ್ಕೆಸ್ಟ್ರಾ. ಏಳಕ್ಕೆ ಬರಬೇಕಿದ್ದ ನಾಯಕರು ಎಂಟೂಕಾಲಿಗೆ ಬಂದರು. ಕೊಟ್ರೇಶನ ಹೆಸರು ಕರೆದಾಗ ಶಿಳ್ಳೆ ಬಿತ್ತು. ವೇದಿಕೆಯ ಮೇಲೆ ಶಾಲು, ಪೇಟ, ಬುಟ್ಟಿ, ಜೊತೆಗೆ ಗಾಜು ಹಾಕಿಸಿದ ದೊಡ್ಡ ಫ್ರೇಮು. ಅದರೊಳಗೆ ಫ್ಲೆಕ್ಸಿನಲ್ಲಿದ್ದ ಅದೇ ನೇರಳೆ ಗ್ಯಾಲಕ್ಸಿ. ನಾಯಕರು ಶಾಲು ಬಿಡಿಸಿ ಹಿಡಿದರು. ಕ್ಯಾಮೆರಾದವರು ಮುಂದೆ ಬಂದರು.

"ಒಂದು ನಿಮಿಷ ಸಾರ್" ಎಂದು ಕೊಟ್ರೇಶ ಮೈಕ್ ತಗೊಂಡ. "ಎಲ್ಲಾರ್ಗೂ ನಮಸ್ಕಾರ. ನಾನು ಅವತ್ತು ನಿಮಗೆ ಸಿಹಿ ಹಂಚಿದ್ದು ಬೀದಿ ದೀಪಕ್ಕೆ. ನಮ್ ಕಂಬದ್ದೇ. ನನಗೆ ಗೊತ್ತಾಗ್ಲಿಲ್ಲ, ತಪ್ಪಾಯ್ತು. ಈ ಫ್ರೇಮ್‌ನಲ್ಲಿರೋದೂ ನಂದಲ್ಲ, ಯಾರೋ ದೊಡ್ಡವರು ತೆಗ್ದಿರೋದು. ನಂದು ಇದು." ಜೇಬಿನಿಂದ ಪ್ರಿಂಟ್ ತೆಗೆದು ಎತ್ತಿ ಹಿಡಿದ.

ಮೊದಲನೆ ಸಾಲಿನವರಿಗೇ ಅದು ಕಾಣಲಿಲ್ಲ. "ಏನೂ ಇಲ್ವಲ್ಲ ಗುರು" ಎಂದು ಹಿಂದಿನಿಂದ ಯಾರೋ ಕೂಗಿದರು, ಜನ ನಕ್ಕರು. ನಾಯಕರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಇದೇನಾ? ಈ ಅಕ್ಕಿಕಾಳಿನಷ್ಟು?"

"ಹೂಂ ಸಾರ್, ಅಷ್ಟೇ. ಆದ್ರೆ ಅದು ನಿಜ. ಮೊನ್ನೆ ಶುಕ್ರವಾರ ನಮ್ ಟೆರೇಸ್ ಮೇಲೆ ಬಿದ್ದ ಬೆಳಕು. ಅದು ಅಲ್ಲಿಂದ ಹೊರಟಾಗ ಮನುಷ್ಯರೇ ಹುಟ್ಟಿರ್ಲಿಲ್ಲ. ನಾಲ್ಕು ಕೋಟಿ ವರ್ಷ ಎಲ್ಲೂ ನಿಲ್ದೆ ಬಂದು ಹೇರೋಹಳ್ಳಿಲಿ ಇಳೀತು." ಪ್ರಿಂಟನ್ನು ಮತ್ತೆ ಜೇಬಿಗೆ ಇಟ್ಟುಕೊಂಡ. "ಇದಕ್ಕೆ ಶಾಲು ಹಾಕೋದಾದ್ರೆ ಹಾಕಿ. ಇಲ್ಲಾಂದ್ರೆ ಇಳೀತೀನಿ, ಬೇಜಾರಿಲ್ಲ."

ನಾಯಕರು ಶಾಲು ಹಿಡಿದುಕೊಂಡೇ ಮಧುವಿನ ಕಡೆ ನೋಡಿದರು. ಮಧುವಿನ ಹಣೆ ಬೆವರಿತ್ತು. ಅವನು ಕೊಟ್ರೇಶನನ್ನು ನೋಡಿದ, ಎದುರಿಗೆ ಧಗಧಗ ಬೆಳಗುತ್ತಿದ್ದ ಫ್ಲೆಕ್ಸನ್ನು ನೋಡಿದ, ಆಮೇಲೆ ವೇದಿಕೆಯಿಂದ ಹಾರಿ ಮೇನ್ ಸ್ವಿಚ್ಚಿನ ಹತ್ತಿರ ಹೋಗಿ ಎಳೆದೇಬಿಟ್ಟ. ಅಲ್ಲಿಂದ ಕಂಬಕ್ಕೆ ಓಡಿ ಬೀದಿದೀಪವನ್ನೂ ಆರಿಸಿದ. ಸೀರಿಯಲ್ ಲೈಟು, ವೇದಿಕೆ, ಫೋಕಸ್ಸು, ಹನ್ನೆರಡು ಅಡಿಯ ನಾಯಕರ ಮುಖ, ಎಲ್ಲವೂ ಒಮ್ಮೆಲೇ ಕತ್ತಲಾದವು.

"ಅಣ್ಣ, ಎಲ್ಲಿದೆ, ತೋರ್ಸಿ" ಎಂದು ಕತ್ತಲೊಳಗಿಂದ ಅವನ ಧ್ವನಿ ಬಂತು.

ಮೈಕು ಸತ್ತಿತ್ತು. ಕೊಟ್ರೇಶ ಕೈಯೆತ್ತಿ ಬರಿಬಾಯಲ್ಲೇ ಹೇಳಿದ. "ನೆತ್ತಿ ಮೇಲೆ ನಾಲ್ಕು ಚುಕ್ಕಿ ಚೌಕ ಇದೆ ನೋಡಿ. ಅಲ್ಲಿಂದ ಮಾಗಡಿ ರೋಡ್ ಕಡೆ ಮುಖ ಮಾಡ್ಕೊಂಡು, ಬಲಕ್ಕೆ ನಾಲ್ಕು ಬೆರಳು. ಅಲ್ಲಿ."

ಮುನ್ನೂರು ತಲೆಗಳು ಮೇಲಕ್ಕೆ ಎದ್ದವು. ಕೀಬೋರ್ಡಿನವನು, ಬಂದೋಬಸ್ತಿಗೆ ಬಂದ ಪೊಲೀಸಿನವರು, ಕಡಲೆಕಾಯಿ ಮಾರುವವಳು, ಅನಂತಲಕ್ಷ್ಮಿ ಆಂಟಿ, ಮೊದಲ ಸಾಲಿನ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕಸ್ತೂರೆವ್ವ.

"ನನಗೇನೂ ಕಾಣ್ತಿಲ್ಲಪ್ಪ" ಎಂದು ಪಕ್ಕದಲ್ಲಿ ನಾಯಕರು ಮೆಲ್ಲಗೆ ಹೇಳಿದರು.

"ಕಾಣಲ್ಲ ಸಾರ್. ಬರಿಗಣ್ಣಿಗೆ ಯಾರ್ಗೂ ಕಾಣಲ್ಲ. ಅದಕ್ಕೇ ಫೋಟೋ ತೆಗ್ದಿದ್ದು."

ಕತ್ತಲಲ್ಲಿ ಒಂದು ಕೈ ತಡಕಾಡಿ ಅವನ ಭುಜ ಹುಡುಕಿತು. ಹೊಸ ಶಾಲಿನ ವಾಸನೆ ಮೂಗಿಗೆ ಬಂತು, ಬೆನ್ನಿನ ಮೇಲೆ ಬೆಚ್ಚಗೆ ಅದರ ಭಾರ ಕೂತಿತು. "ನಿಜವಾದ್ದಕ್ಕೇ ಹಾಕ್ತಿದೀನಿ" ಎಂದರು ನಾಯಕರು. ಎಲ್ಲೋ ಒಂದು ಚಪ್ಪಾಳೆ ಶುರುವಾಗಿ, ಮನೆಗಳ ಗೋಡೆಗೆ ಬಡಿಯುತ್ತ ಬೀದಿಯ ತುದಿಯವರೆಗೂ ಹೋಯಿತು.

ಮಧು ಓಡಿಹೋಗಿ ದೀಪ ಹಾಕಿದ. ಕೊಟ್ರೇಶನ ಹೆಗಲ ಮೇಲಿನ ಶಾಲು ನೋಡಿ ತಲೆ ಚಚ್ಚಿಕೊಂಡ. "ಹಾಕೇಬಿಟ್ರಾ? ಕತ್ತಲಲ್ಲಿ ಯಾರೂ ಫೋಟೋ ತೆಗ್ದಿಲ್ಲ. ಅಣ್ಣ, ಬಿಚ್ಚಿ, ಸಾರ್ ಇನ್ನೊಂದ್ಸಲ ಹಾಕ್ತಾರೆ."

ಕೊಟ್ರೇಶ ಶಾಲನ್ನು ಎರಡೂ ಕೈಯಿಂದ ಎದೆಗೆ ಬಿಗಿಯಾಗಿ ಎಳೆದುಕೊಂಡ. "ಇದಕ್ಕೆ ಫೋಟೋ ಬೇಡ ಬಿಡೋ" ಎಂದ.